ಒಲೆಯ ಮೇಲೆ ಬಿಟ್ಟು ಬಂದ ಹಾಲು

ಗಜೇಂದ್ರಗಡದಲ್ಲಿ ಬಸ್ಸಿಳಿದು ಅರ್ಧ ಗಂಟೆಯಾಯಿತು, ಗೆಳೆಯರೇ, ಇದನ್ನು ನಿಮಗೆ ಹೇಳದೆ ಇರಲಾರೆ.

ರೋಣದಿಂದಲೇ ಒಬ್ಬ ಅಜ್ಜಿ ನನ್ನನ್ನು ಎವೆಯಿಕ್ಕದೆ ನೋಡುತ್ತಿದ್ದಳು. ಸೂಡಿ ದಾಟಿದ ಮೇಲೆ ಎದ್ದು ಬಂದವಳೇ ನನ್ನ ರಟ್ಟೆ ಹಿಡಿದಳು.

“ಟಿವ್ಯಾಗ ಇಬ್ಬರು ಹುಡುಗರ ಕೂಡ ಒಂದ ಮನ್ಯಾಗ ಇದ್ದಾಕಿ ನೀನ ಹೌದಿಲ್ಲೋ?”

ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಬಿಟ್ಟ. ಹಿಂದೆ ನಾನು ನಟಿಸಿದ್ದ, ಬೆಂಗಳೂರಿನ ಒಂದು ಫ್ಲ್ಯಾಟ್ ಹಂಚಿಕೊಂಡಿರುವ ಮೂವರ ಹಾಸ್ಯ ಧಾರಾವಾಹಿ ಅದು. ಬಂದದ್ದು ಎರಡೇ ತಿಂಗಳು. ಅಷ್ಟಕ್ಕೇ ನರಗುಂದದ ನಮ್ಮ ಸೋದರಮಾವ ನನ್ನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ. ಇವತ್ತು ಕಪಾಳಕ್ಕೇ ಬೀಳುತ್ತದೆ ಎಂದುಕೊಂಡೆ.

“ಹೌದ್ರಿ ಯವ್ವಾ. ಆದ್ರ ಅದು ಬರೇ ಧಾರಾವಾಹಿರಿ.”

“ಅದು ನನಗೂ ಗೊತ್ತೈತಿ. ಕಡೀ ದಿನ ಹಾಲು ಕಾಯಾಕ ಇಟ್ಟು, ಮೂರೂ ಮಂದಿ ಜಗಳಾಡಿ, ಬಾಗಲಾ ಕೀಲಿ ಹಾಕಿ ಹೋದ್ರಿ. ಮರುದಿನ ನೋಡಿದ್ರ ಧಾರಾವಾಹಿನ ಇಲ್ಲ! ಯಾರರೆ ಹೊಳ್ಳಿ ಹೋಗಿ ಗ್ಯಾಸ್ ಬಂದ್ ಮಾಡಿದ್ರ್ಯೋ ಇಲ್ಲೋ?”

ಅವಳು ನನ್ನ ರಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಮ್ಯಾಲಿನ ಮನ್ಯಾಗ ಬಾಣಂತಿ ಇದ್ಲಲ್ಲವಾ,” ಎಂದಳು.

ಆ ಬಾಣಂತಿಯನ್ನು ನಾವು ಯಾರೂ ನೆನೆದೇ ಇರಲಿಲ್ಲ. ಶೂಟಿಂಗ್ ಸೆಟ್ಟಿನ ಆ ಒಲೆಗೆ ಸಿಲಿಂಡರೂ ಇರಲಿಲ್ಲ.

“ನಾನ ಹೊಳ್ಳಿ ಹೋಗಿ ಬಂದ್ ಮಾಡೀನ್ರಿ,” ಎಂದೆ.

ಅಜ್ಜಿ ರಟ್ಟೆ ಬಿಟ್ಟಳು, ಉದ್ದಕ್ಕೆ ಉಸಿರು ಬಿಟ್ಟಳು, ರಾಜೂರಿನಲ್ಲಿ ಇಳಿದು ಹೋದಳು.

ಯಾರೂ ನೋಡುತ್ತಿಲ್ಲ ಎಂದು ಹೇಳಿಯೇ ಚಾನೆಲ್‌ನವರು ನಮ್ಮ ಧಾರಾವಾಹಿಯನ್ನು ನಿಲ್ಲಿಸಿದ್ದು.