ತಮ್ಮನ ಗೋಲುಕಂಬಗಳು

2016ರ ಫೆಬ್ರವರಿಯಲ್ಲಿ ಬಜ್ಪೆಯಿಂದ ದುಬೈ ವಿಮಾನ ಹತ್ತುವಾಗ ನನ್ನ ಸಾಮಾನಿನಲ್ಲಿ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಮತ್ತು ಒಂದು ಮಂಕಿ ಕ್ಯಾಪು ಇದ್ದವು. ಮರುಭೂಮಿಗೆ ಹೋಗುವವಳಿಗೆ ಮಂಕಿ ಕ್ಯಾಪು ಯಾಕೆ ಎಂದು ನನ್ನವರು ನಕ್ಕರು. ನನ್ನ ತಮ್ಮ ಪ್ರಸಾದ ಅಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಿದ್ದ. ಅವನು ಗೋಲಿ, ಎಂದರೆ ಗೋಲು ಕಾಯುವವನು. ಅದು ಅವನ ಹವ್ಯಾಸವಲ್ಲ, ಹೊಟ್ಟೆಪಾಡು.

ತಲೆಯಲ್ಲಿ ಒಂದು ಬೈಗುಳವನ್ನೂ ಸಿದ್ಧಪಡಿಸಿಕೊಂಡಿದ್ದೆ. ಅವನ ಹೆಂಡತಿ ಜೆಸಿಂತಾ ಶಿರ್ವದವಳು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಹಿಂದಿನ ತಿಂಗಳು ಫೋನು ಮಾಡಿ ಹೇಳಿದ್ದಳು: "ಅಕ್ಕಾ, ಇವರ ಸೊಂಟದ ಕೀಲು ಸವೆದಿದೆ. ಇನ್ನೊಂದು ಸೀಸನ್ ಆಡಿದ್ರೆ ಮತ್ತೆ ನಡೀಲಿಕ್ಕೂ ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ಕ್ಲಬ್ಬಿನವರು ಪುನಃ ಸೈನ್ ಮಾಡಿ ಅಂತ ಹಿಂದೆ ಬಿದ್ದಿದ್ದಾರೆ. ನಾನು ಹೇಳಿದ್ರೆ ಕೇಳುದಿಲ್ಲ. ನೀವೇ ಬಂದು ಹೇಳಿ." ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೈಯುವುದಕ್ಕೆ ನನಗೆ ಯಾರೂ ಕಲಿಸಬೇಕಾಗಿಲ್ಲ.

ಪ್ರಸಾದ ತನಗೆ ಬೆಳಿಗ್ಗೆ ಆಟದ ಅಭ್ಯಾಸವಿದೆಯೆಂದು ದುಬೈಯಿಂದ ಬಸ್ಸಿನಲ್ಲೇ ಬರಲು ಹೇಳಿದ್ದ. ಅಲ್ ಗುಬೈಬಾ ನಿಲ್ದಾಣದಿಂದ ಅಬುಧಾಬಿಗೆ ಇಪ್ಪತ್ತೈದು ದಿರ್ಹಮ್, ಎರಡು ಗಂಟೆಯ ದಾರಿ. ಆ ಬೆಳಿಗ್ಗೆ ದಟ್ಟ ಮಂಜು ಇಳಿದಿತ್ತು. ಕಿಟಕಿಯಲ್ಲಿ ಕಟ್ಟಡಗಳ ತುದಿಗಳು ಮಾತ್ರ ತೇಲುತ್ತಿದ್ದವು, ಸ್ವಲ್ಪ ಹೊತ್ತಿಗೆ ಅವೂ ಇಲ್ಲವಾದವು. ರಸ್ತೆ, ಮರಳು, ಆಕಾಶ ಎಲ್ಲ ಒಂದೇ ಬಿಳಿ. ನಾನು ಇನ್ನೂ ವಿಮಾನದಲ್ಲೇ ಇದ್ದೇನೆ ಎಂದು ಎರಡು ಸಲ ಅನಿಸಿತು.

ಪಕ್ಕದ ಸೀಟಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿ ಒಬ್ಬರು ಕುಳಿತಿದ್ದರು. ಅಬುಧಾಬಿ ಪಕ್ಕದ ಮುಸಫ್ಫಾದಲ್ಲಿ ಲಾರಿಗಳ ಬಿಡಿಭಾಗದ ಅಂಗಡಿಯಂತೆ. ನನ್ನ ಚೀಲದ ಉಪ್ಪಿನಕಾಯಿಯ ಪರಿಮಳ ಹಿಡಿದೇ ಅವರು ಕನ್ನಡದಲ್ಲಿ ಮಾತು ತೆಗೆದದ್ದು. ತಮ್ಮನ ಕೆಲಸ ಹೇಳಿದೆ.

"ಐಸಿನ ಮೇಲೆ ಹಾಕಿಯಾ? ನಮ್ಮ ಬಂದರಿನ ಧಕ್ಕೆಯಲ್ಲಿ ಮೀನಿಗೆ ಐಸ್ ಹಾಕುದು ನೋಡಿದ್ದೇನೆ. ಮನುಷ್ಯರನ್ನು ಹಾಕುದು ಈಗ ಕೇಳಿದ್ದು," ಎಂದರು. ಮತ್ತೆ ಸ್ವಲ್ಪ ಯೋಚಿಸಿ, "ಅದಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿದರು.

"ಕೊಡ್ತಾರೆ."

"ಹಾಗಾದ್ರೆ ಹಲಾಲ್ ಕೆಲಸವೇ," ಎಂದು ಸಮಾಧಾನದಿಂದ ಕಣ್ಣು ಮುಚ್ಚಿದರು.

ನಿಲ್ದಾಣದಲ್ಲಿ ಪ್ರಸಾದ ಕಾಯುತ್ತಿದ್ದ. ನನ್ನ ಚೀಲ ಎತ್ತಲು ಬಗ್ಗಿದಾಗ ಬಲಗಾಲನ್ನು ಪಕ್ಕಕ್ಕೆ ಎಳೆದುಕೊಂಡ. ನಾನು ಕಂಡೂ ಕಾಣದವಳಂತೆ ಇದ್ದೆ. ಬಂದ ದಿನವೇ ಜಗಳ ಬೇಡವೆಂದು ಬೈಗುಳವನ್ನು ನಾಳೆಗೆ ಇಟ್ಟೆ.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವರದು ವಿಲ್ಲಾ ಒಂದರ ಮೇಲಿನ ಎರಡು ಕೋಣೆ. ಬಾಲ್ಕನಿಯಲ್ಲಿ ಅವನ ಆಟದ ಸಾಮಾನು ಮೀನಿನ ಬಲೆಯಂತೆ ಒಣಗುತ್ತಿತ್ತು. ಕಾಲಿಗೆ ಕಟ್ಟುವ ಹಾಸಿಗೆಯಂಥ ಪ್ಯಾಡುಗಳು, ಎದೆಯ ಕವಚ, ಕಬ್ಬಿಣದ ಜಾಲರಿಯ ಮುಖವಾಡ. ವಾಸನೆಯೂ ಹೆಚ್ಚು ಕಡಿಮೆ ಬಲೆಯದೇ. "ಇದನ್ನು ಒಳಗೆ ತಂದ್ರೆ ನಾನು ಹೊರಗೆ," ಎಂದು ಜೆಸಿಂತಾ ಮದುವೆಯ ವರ್ಷವೇ ಹೇಳಿದ್ದಳಂತೆ.

ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ ಉಣ್ಣುತ್ತ ಪ್ರಸಾದ ತನ್ನ ಕಥೆ ಹೇಳಿದ. ಅಪ್ಪ ಅಬುಧಾಬಿಯಲ್ಲಿ ಸ್ಟೋರ್ ಕೀಪರ್ ಆಗಿದ್ದಾಗ ಅಮ್ಮ ಮತ್ತು ಅವನು ಇಲ್ಲಿಗೆ ಬಂದರು. ನಾನು ಕಾಲೇಜಿಗೆಂದು ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಸೆಕೆ ತಡೆಯದೆ ಐಸ್ ರಿಂಕಿಗೆ, ಎಂದರೆ ಮಂಜುಗಡ್ಡೆಯ ಅಂಗಳಕ್ಕೆ, ಹೋದ ಹುಡುಗ ನೆಟ್ಟಗೆ ಜಾರಲು ಬಾರದೆ ಬೀಳುತ್ತಿದ್ದನಂತೆ. ಹೇಗೂ ಬೀಳ್ತಾನೆ, ಗೋಲಿನ ಎದುರೇ ಬೀಳಲಿ ಎಂದು ಅಲ್ಲಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಹತ್ತು ಹನ್ನೆರಡು ವರ್ಷ ಹೆಸರು ಹೇಳಲು ನಾಲಿಗೆ ಹೊರಳದ ಚಳಿದೇಶದ ಊರುಗಳಲ್ಲಿ ಸಂಬಳಕ್ಕೆ ಆಡಿದ. ಒಂದೂರಿನಲ್ಲಿ ಮೀನಿನ ಕಾರ್ಖಾನೆಯವರು ಯಜಮಾನರು, ಇನ್ನೊಂದರಲ್ಲಿ ಮರದ ಮಿಲ್ಲಿನವರು. ಒಂದು ವರ್ಷ ಇಡೀ ಆಡಲು ಸಿಗದೆ ಬೆಂಚಿನಲ್ಲೇ ಕೂತ. ಕೊನೆಗೆ ಅಬುಧಾಬಿಯ ಕ್ಲಬ್ಬು ಕರೆಯಿತು, ಆಟ ಶುರುವಾದಲ್ಲಿಗೇ ತಿರುಗಿ ಬಂದ.

"ಅಮ್ಮ ಒಂದೇ ಒಂದು ಮ್ಯಾಚ್ ನೋಡ್ಲಿಲ್ಲ ಅಕ್ಕ. ರಿಂಕಿನ ಬಾಗಿಲವರೆಗೆ ಬರುವುದು, ಪೆಟ್ಟಾಗುದು ನೋಡ್ಲಿಕ್ಕೆ ನನ್ನಿಂದಾಗುದಿಲ್ಲ ಅಂತ ಹೊರಗೇ ಕೂರುವುದು. ನಾನು ದೂರ ಹೋದ ಮೇಲೆ ಫೋನಿನಲ್ಲಿ ಪೆಟ್ಟಾಯ್ತಾ ಅಂತ ಕೇಳುವುದು. ಇಲ್ಲಮ್ಮ, ಗೋಲಾಯ್ತು ಅಂತಿದ್ದೆ. ಹಾಗಾದ್ರೆ ಒಳ್ಳೇದಾಯ್ತು ಅಂತಿದ್ದಳು."

ನಾವು ನಕ್ಕೆವು. ಅಮ್ಮ ತೀರಿ ಮೂರು ವರ್ಷವಾಗಿತ್ತು. ನಾನು ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದೆ. ಬೈಗುಳ ನಾಳೆಗೇ ಉಳಿಯಿತು.

ಸಂಜೆ ಅಭ್ಯಾಸ ನೋಡಲು ಕರೆದೊಯ್ದ. ರಿಂಕಿನ ಒಳಗೆ ಕಾಲಿಟ್ಟೊಡನೆ ಚಳಿ ಸೆರಗಿನೊಳಗೆ ನುಗ್ಗಿತು, ಮಂಕಿ ಕ್ಯಾಪು ಏರಿಸಿದೆ. ನೀರು ಹಾಯಿಸಿ ಆಗಷ್ಟೇ ನಯ ಮಾಡಿದ ಮಂಜಿನ ನೆಲದಿಂದ ಆವಿ ಏಳುತ್ತಿತ್ತು. ಬೆಳಗಿನ ಹೆದ್ದಾರಿಯೇ ಒಳಗೆ ಬಂದು ಮಲಗಿದಂತಿತ್ತು. ಅದರ ನಡುವೆ ನನ್ನ ತಮ್ಮ ಒಬ್ಬನೇ, ಕಾಲಿದೆಯೋ ಇಲ್ಲವೋ ಎಂಬಂತೆ ಹಿಂದಕ್ಕೆ ಜಾರುತ್ತ ಗೋಲಿನ ಬಾಯಿಗೆ ಹೋಗಿ ನಿಂತ. ಮನೆಯಲ್ಲಿ ಕುಂಟುತ್ತಿದ್ದವನು ಇವನೇ ಎಂದು ನಂಬಲಾಗಲಿಲ್ಲ.

ಅಭ್ಯಾಸ ಮುಗಿಸಿ ಎಲ್ಲರೂ ಹೊರಟ ಮೇಲೆ ಅವನು ಎರಡೂ ಗೋಲುಕಂಬಗಳನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, ಬಗ್ಗಿ ಏನೋ ಹೇಳಿದ. ಹೊರಗೆ ಬಂದಾಗ ಕೇಳಿದೆ.

"ಬರ್ತೇನೆ ಅಂತ ಹೇಳಿದ್ದು," ಎಂದ. "ಸಣ್ಣವನಿದ್ದಾಗ ಇಲ್ಲಿಗೆ ಹೊರಡುವಾಗ ಅಮ್ಮನಿಗೆ ಹೋಗ್ತೇನೆ ಅಂದುಬಿಟ್ಟೆ. ಲಿಫ್ಟಿನಿಂದ ವಾಪಸ್ ಕರೆಸಿ ಬರ್ತೇನೆ ಅಂತ ಹೇಳಿಸಿದ್ಳು. ಅವತ್ತಿನಿಂದ ಕಂಬಗಳಿಗೂ ಹಾಗೇ. ಎಲ್ಲ ಊರಿನಲ್ಲೂ."

ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನಬಾರದು. ಸಾವಿನ ಮನೆಯಿಂದ ಏಳುವಾಗ ಮಾತ್ರ ಬರುತ್ತೇನೆ ಎನ್ನುವುದಿಲ್ಲ. ಚಳಿದೇಶದ ಕಬ್ಬಿಣದ ಕಂಬಗಳು ಇಷ್ಟು ವರ್ಷ ನಮ್ಮಮ್ಮನ ಶಾಸ್ತ್ರ ಕೇಳಿಸಿಕೊಂಡಿದ್ದವು ಎಂದು ಯೋಚಿಸುತ್ತ ನಾನು ನಿದ್ದೆ ಹೋದೆ.

ಮರುದಿನ ದುಬೈಯಲ್ಲಿ ಆ ಸೀಸನ್ನಿನ ಕೊನೆಯ ಪಂದ್ಯ. ಬೆಳಿಗ್ಗೆ ಚಾ ಕುಡಿಯುತ್ತ ಬೈಗುಳದ ಮೊದಲ ವಾಕ್ಯ ತೆಗೆಯುವಷ್ಟರಲ್ಲಿ ಜೆಸಿಂತಾ ಅಡುಗೆಮನೆಗೆ ಎಳೆದಳು. "ಮ್ಯಾಚಿನ ದಿನ ಗೋಲಿಯ ಹತ್ತಿರ ಯಾರೂ ಮಾತಾಡ್ಲಿಕ್ಕಿಲ್ಲ ಅಕ್ಕಾ. ಟೀಮಿನವರೂ ಆಡುದಿಲ್ಲ." ಸರಿ, ತೆಪ್ಪಗಾದೆ. ಆದರೆ ಮಧ್ಯಾಹ್ನ ಅವನು ದೊಡ್ಡ ಚೀಲ ಹೊತ್ತು ಬಾಗಿಲಿಗೆ ಬಂದಾಗ ಅರೆನಿದ್ದೆಯಲ್ಲಿದ್ದ ನನ್ನ ಬಾಯಿಂದ ಬಂದದ್ದು, "ಎಲ್ಲಿಗೆ ಹೊರಟದ್ದು?"

ಹೊರಟವರನ್ನು ಎಲ್ಲಿಗೆ ಎಂದು ಕೇಳುವುದೇ? ಬೇರೆಯವರು ಕೇಳಿದ್ದರೆ ನಾನೇ ಗದರಿಸುತ್ತಿದ್ದೆ. ಪ್ರಸಾದ ಚೀಲ ಇಳಿಸಿದ, ಸೋಫಾದಲ್ಲಿ ಕೂತ, ನೀರು ಕುಡಿದ, ಮತ್ತೆ ಎದ್ದು ಹೊಸದಾಗಿ ಹೊರಟ. ಏಳುವಾಗ ಸೋಫಾದ ತೋಳು ಹಿಡಿದು ಹಲ್ಲು ಕಚ್ಚಿದ್ದನ್ನು ನಾನೂ ಜೆಸಿಂತಾಳೂ ನೋಡಿದೆವು.

ದುಬೈಯ ರಿಂಕು ಒಂದು ದೊಡ್ಡ ಮಾಲಿನ ಒಳಗಿತ್ತು. ಹೊರಗೆ ಜನ ಐಸ್‌ಕ್ರೀಮ್ ತಿನ್ನುತ್ತ, ಚಪ್ಪಲಿ ಕೊಳ್ಳುತ್ತ ಓಡಾಡುತ್ತಿದ್ದರು. ಗಾಜಿನ ಈಚೆ ನನ್ನ ತಮ್ಮ ಮುಖವಾಡ ಹಾಕಿ ನಿಂತಿದ್ದ. ಚೆಂಡಿನ ಬದಲಿಗೆ ಬಳಸುವ ಕಪ್ಪು ರಬ್ಬರಿನ ಬಿಲ್ಲೆ ಎಲ್ಲಿದೆಯೆಂದೇ ಮೊದಲಿಗೆ ನನಗೆ ಕಾಣಲಿಲ್ಲ. ಅವನ ಕೈಯೊಳಗೆ ಅದು ಪಟ್ಟೆಂದು ಸದ್ದು ಮಾಡಿದ ಮೇಲೆ ಬಂತೆಂದು ಗೊತ್ತಾಗುತ್ತಿತ್ತು. ಉಳಿದ ಹೊತ್ತೆಲ್ಲ ಅವನು ಸುಮ್ಮನೆ ನಿಂತಿರುತ್ತಿದ್ದ. ಆಟ ಆಚೆ ತುದಿಯಲ್ಲಿ ಗದ್ದಲ ಮಾಡುತ್ತಿದ್ದರೆ ಈಚೆ ತುದಿಯಲ್ಲಿ ಅವನೊಬ್ಬನೇ, ಬಿಳಿಯ ನಡುವೆ. ಇಷ್ಟು ವರ್ಷ ಇವನು ಹೀಗೆ ಒಬ್ಬನೇ ನಿಂತಿದ್ದ ಊರುಗಳೆಲ್ಲ ಒಂದರ ಹಿಂದೆ ಒಂದು ಕಣ್ಣೆದುರು ಬಂದವು. ನಾನು ನೋಡಿರದ ಊರುಗಳು ಹೇಗೆ ಬಂದವೋ ತಿಳಿಯದು.

ಎರಡು ಗೋಲು ಬಿಟ್ಟುಕೊಟ್ಟ. ಅವನ ಕಡೆಯವರು ಮೂರು ಹೊಡೆದಿದ್ದರು. ಆಟ ಮುಗಿಯಲು ಇನ್ನೇನು ಬಂತು ಎನ್ನುವಾಗ ಎದುರಾಳಿಯೊಬ್ಬ ಒಂಟಿಯಾಗಿ ನುಗ್ಗಿ ಬಂದ. ಪ್ರಸಾದ ಎರಡೂ ಕಾಲನ್ನು ಎರಡು ದಿಕ್ಕಿಗೆ ಚಾಚಿ ನೆಲಕ್ಕೆ ಬಿದ್ದ. ಬಿಲ್ಲೆ ಅವನ ಬಲಗಾಲಿನ ತುದಿಗೆ ಬಡಿದು ಹೊರಗೆ ಹಾರಿತು. ಜನ ಎದ್ದು ನಿಂತರು. ಅವನು ಏಳಲಿಲ್ಲ.

ಜೆಸಿಂತಾ ನನ್ನ ಮಣಿಕಟ್ಟು ಹಿಡಿದಿದ್ದಳು. ಅವನು ಕೋಲೂರಿ, ಒಂದು ಮೊಣಕಾಲಿಗೆ ಬಂದು, ಕಂಬ ಹಿಡಿದು ಮೆಲ್ಲಗೆ ಎದ್ದ. ನಾನು ಅಳುತ್ತಿದ್ದೆ, ಆದರೆ ನೋವಿಗಲ್ಲ. ಇವನು ಇಲ್ಲಿ ಹೀಗೇ ನಿಂತಿರಲಿ, ಯಾವತ್ತೂ ನಿಲ್ಲಿಸದಿರಲಿ ಎಂದು ನನಗನಿಸಿತ್ತು. ಊರಿನಿಂದ ಹೊತ್ತು ತಂದ ಬೈಗುಳ ಅಲ್ಲಿಗೆ ಖಲಾಸ್. ಜೆಸಿಂತಾಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಗೆದ್ದವರು ಒಬ್ಬರನ್ನೊಬ್ಬರು ತಬ್ಬಿ ಒಳಗೆ ಹೋದರು. ಅವನು ಹಿಂದೆ ಉಳಿದ. ಕೈಗವಸು ತೆಗೆದು ಬರಿಗೈಯಲ್ಲಿ ಒಂದು ಕಂಬ ಮುಟ್ಟಿದ, ಇನ್ನೊಂದನ್ನು ಮುಟ್ಟಿದ. ಬಗ್ಗಿ ಏನೋ ಹೇಳಿದ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮಲಗಿ ಅಬುಧಾಬಿಯವರೆಗೂ ನಿದ್ದೆ ಮಾಡಿದ. ಜೆಸಿಂತಾ ಕಾರು ಓಡಿಸಿದಳು.

ಎರಡು ದಿನ ಬಿಟ್ಟು ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಅವನೊಬ್ಬನೇ ಬಂದ. ಅಂದೂ ಮಂಜಿತ್ತು. ಬಾಗಿಲಿನ ಬಳಿ ಚೀಲ ಕೊಡುವಾಗ ತಾನಾಗಿಯೇ ಹೇಳಿದ: "ಜೆಸಿಂತಾ ನಿನ್ನನ್ನು ಯಾಕೆ ಕರೆಸಿದ್ದು ಅಂತ ನಂಗೆ ಗೊತ್ತುಂಟು. ನೀನು ಎಂತದೂ ಹೇಳ್ಲಿಲ್ಲ."

"ನನ್ನಿಂದ ಆಗ್ಲಿಲ್ಲ ಮಾರಾಯ. ಆವತ್ತು ಮ್ಯಾಚ್ ಮುಗಿದ ಮೇಲೆ ಕಂಬಗಳಿಗೆ ಎಂತ ಹೇಳಿದೆ?"

ಅವನು ಮಂಜಿನ ಕಡೆ ನೋಡಿದ. ಮಗುವಾಗಿದ್ದಾಗ ಪೆಟ್ಟು ಮಾಡಿಕೊಂಡು ಬಂದು ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ.

"ಹೋಗ್ತೇನೆ ಅಂದೆ."

ನಾನು ಅವನ ತಲೆ ಸವರಿದೆ. ಚೀಲ ಎತ್ತಿಕೊಂಡು, "ಬರ್ತೇನೆ" ಎಂದೆ. ಒಳಗೆ ಹೋದವಳು ತಿರುಗಿ ನೋಡಿದೆ. ಗಾಜಿನ ಆಚೆ ಅವನು ಇನ್ನೂ ನಿಂತಿದ್ದ. ಅಮ್ಮ ಇದ್ದಿದ್ದರೆ ಅವನನ್ನು ವಾಪಸ್ ಕರೆಸುತ್ತಿದ್ದಳು. ಅವನಿಗೆ ಕೇಳಿಸದೆಂದು ಗೊತ್ತಿದ್ದೂ ಇನ್ನೊಂದು ಸಲ, ಅವನ ಪರವಾಗಿ, "ಬರ್ತೇನೆ" ಎಂದೆ.