ಎಡತುದಿಯ ಕೆಂಪು ದಾರ

ಇಂದು ಬೆಳಿಗ್ಗೆ ಸೋಫಾದ ಗವಸನ್ನು ಒಗೆಯಲು ತೆಗೆದಾಗ ಅಂಚಿನ ಒಳಗಡೆ ಕೆಂಪು ದಾರದ ಸಣ್ಣ ಗುರುತು ಕೈಗೆ ಸಿಕ್ಕಿತು. ಬಟ್ಟೆ ಸವೆದು ತೆಳ್ಳಗಾಗಿದೆ, ದಾರದ ಬಣ್ಣ ಮಾತ್ರ ಹಾಗೇ ಇದೆ. ಅದನ್ನು ಹಾಕಿದವರು ಎದುರುಮನೆ ಅಕ್ಕ.

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಮುಕ್ಕಾಲು ಮನೆಗಳ ಗವಸುಗಳನ್ನು ಹೊಲಿದವರು ಅವರೇ. ರೇಡಿಯೋಗೆ, ಟೀವಿಗೆ, ಕುರ್ಚಿಗಳಿಗೆ... ನಾನಾಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಶನಿವಾರ ಮಧ್ಯಾಹ್ನ ಗವಸು ಒಗೆಯಬೇಕು, ಭಾನುವಾರ ಬೆಳಿಗ್ಗೆ ಏಳರೊಳಗೆ ಮತ್ತೆ ಹಾಕಬೇಕು. ಒಂದು ವಾರವೂ ತಪ್ಪಿಸಿದವಳಲ್ಲ. ಅವಸರದಲ್ಲಿ ಹಿಂದುಮುಂದಾಗಿ ಹಾಕಿ ಪರದಾಡುವುದನ್ನು ಕಂಡು ಅಕ್ಕ ಆ ಗುರುತು ಹಾಕಿಕೊಟ್ಟರು.

“ಕೆಂಪು ದಾರ ಎಡಗಡೆಗೆ ಬರ್ಬೇಕು ಟೀಚರ್. ಊರ ಮಕ್ಕಳಿಗೆಲ್ಲ ಹೇಳ್ಕೊಡೋರಿಗೆ ನಾನ್ ಹೇಳ್ಕೊಡೋ ಹಾಗಾಯ್ತಲ್ಲ!”

ಒಗೆಯಲು ಬಿಟ್ಟರೆ ಗವಸು ತೆಗೆಯುತ್ತಿದ್ದುದು ದೊಡ್ಡ ನೆಂಟರು ಬಂದಾಗ ಮಾತ್ರ. ಅಕ್ಕ ದಿನಾ ಬರುವವರು, ಅವರಿಗೇಕೆ ತೆಗೆಯಬೇಕು? “ನಾನ್ ಬಂದಾಗೆಲ್ಲ ನಿಮ್ ಸೋಫಾ ಮುಸುಕು ಹಾಕ್ಕೊಂಡು ಮಲಗಿರುತ್ತಪ್ಪ” ಎಂದು ನಗುತ್ತಿದ್ದರು.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಗವಸು ತೆಗೆದೆ. ಹಸಿರು ಮಖಮಲ್ಲು ಹೊಸದರಂತೆ ಹೊಳೆಯಿತು. ಅಕ್ಕ ಬೆಳಿಗ್ಗೆಯಿಂದ ನಮ್ಮ ಅಡುಗೆಮನೆಯಲ್ಲೇ ನಿಂತು ಕೇಸರಿಬಾತು ಮಾಡಿದ್ದರು. ನೆಂಟರು ಹೊರಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದರು, ಮಖಮಲ್ಲಿನ ಮೇಲೆ ಕೈಯಾಡಿಸಿದರು, ಇನ್ನೇನು ಕೂರಬೇಕು...

“ಒಂದ್ನಿಮಿಷ ಅಕ್ಕ, ಗವಸು ಹಾಕ್ಬಿಡ್ತೀನಿ. ಆಮೇಲೆ ಕೂತ್ಕೊಳ್ಳಿ” ಎಂದೆ.

ಅವರು ಇನ್ನೊಂದು ತುದಿ ಹಿಡಿದು ಎಳೆದು, ಲಾಡಿಯನ್ನೂ ಕಟ್ಟಿಕೊಟ್ಟರು. “ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಟೀಚರ್” ಎಂದು ಹೊರಟರು. ಬೆಳಿಗ್ಗೆಯಿಂದ ನಮ್ಮಲ್ಲೇ ಇದ್ದವರಿಗೆ ಯಾವ ಹಾಲು... ಅದು ನನಗೆ ಹೊಳೆದದ್ದು ಸಂಜೆ, ಪಾತ್ರೆ ಒರೆಸಿಡುವಾಗ.

ಆಮೇಲೂ ಬಂದರು, ನಕ್ಕರು. ಕೂರುತ್ತಿದ್ದುದು ಮಾತ್ರ ಹೊಸಿಲ ಪಕ್ಕದ ಸ್ಟೂಲಿನ ಮೇಲೆ. ಗವಸು ತೆಗೆದು ಅವರನ್ನು ಕೂರಿಸಬೇಕು, ಈ ಭಾನುವಾರ, ಬರುವ ಭಾನುವಾರ ಎಂದುಕೊಂಡೆ. ನನ್ನ ದಿನಚರಿಯಲ್ಲಿ ಅದಕ್ಕೊಂದು ಹೊತ್ತು ಸಿಗಲಿಲ್ಲ. ಒಂದು ಮಳೆಗಾಲ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ.

ಈಗ ಮಧ್ಯಾಹ್ನ ಮೂರು ಗಂಟೆ. ಗವಸು ತಂತಿಯ ಮೇಲೆ ಆಗಲೇ ಒಣಗಿದೆ. ಎರಡು ಸಲ ಒಳಗೆ ತಂದೆ, ಕೆಂಪು ದಾರವನ್ನು ಎಡಕ್ಕೆ ಹಿಡಿದು ನಿಂತೆ, ಮತ್ತೆ ತಂತಿಗೇ ಹಾಕಿ ಬಂದೆ. ಅಕ್ಕನ ಮನೆಯನ್ನು ಈ ವಾರ ಕೆಡವುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಅಲ್ಲಿಯ ಧೂಳು ಸೋಫಾದ ಮೇಲೆ ಬಂದು ಬೀಳುತ್ತಿದೆ. ಮೂರು ಸಲ ಒರೆಸಿದ್ದಾಯಿತು. ನಾಲ್ಕನೆಯ ಸಲ ಬಟ್ಟೆ ಹಿಡಿದು ಎದ್ದವಳು, ಒರೆಸಲಾಗದೆ ಹಾಗೇ ನಿಂತಿದ್ದೇನೆ.