ಒರೆಸಬಾರದ ಗಾಜು

ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿ, ಲಾಡ್ಜುಗಳ ಕಿಟಕಿ ಗಾಜು ತೊಳೆಯುವ ಕೆಲಸವನ್ನು ನಾನು, ನನ್ನ ಗಂಡ ಸೇರಿ ಮಾಡುತ್ತಿದ್ದೆವು. ಅವರು ಏಣಿ ಹತ್ತುವರು, ನಾನು ಕೆಳಗೆ ಹಿಡಿದು ನಿಲ್ಲುವೆ. ಮೇಲಿಂದ ಏನಾದರೂ ಮಾತಾಡುತ್ತಲೇ ಇರುವರು. ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಉಳಿಯಿತು, ಆದರೆ ತೊದಲು.

ಏಣಿ ಹತ್ತುವುದು ನನ್ನಿಂದಾಗದು. ನೆಲದ ಮೇಲೆ ನಿಂತೇ ಮೇಲಿನ ಅಂತಸ್ತು ತೊಳೆಯಬಹುದಾದ, ಉದ್ದ ಕೋಲಿನೊಳಗಿಂದ ನೀರು ಬರುವ ಬ್ರಷ್ ಸಿಗುತ್ತದೆಂದು ಲಾಡ್ಜಿನ ಮ್ಯಾನೇಜರ್ ಹೇಳಿದರು. ಇಬ್ಬರೂ ಹೊಸಪೇಟೆಗೆ ಹೋದೆವು. ಅಂಗಡಿಯವನು ಎರಡು ತೆಗೆದಿಟ್ಟ. ಒಂದು ದೊಡ್ಡದು, ಕೂದಲು ಬಿರುಸು. ಇನ್ನೊಂದು ಚಿಕ್ಕದು, ಮೆತ್ತಗಿತ್ತು. ಧೂಳು ಬೇಗ ಹೋದೀತೆಂದು ನಾನು ದೊಡ್ಡದನ್ನು ಎತ್ತಿಕೊಂಡೆ. ಅವರು ಎಡಗೈಯಿಂದ ಅದನ್ನು ತೂಗಿ ನೋಡಿದರು.

"ಇದು ಬ್ಯಾಡ. ಭಾರ ಐತಿ. ನಿನ್ನ ರಟ್ಟಿ ಬಿದ್ದು ಹೋಗ್ತಾವ."

"ನೀವು ಏಣಿ ಹೊತ್ತು ತಿರುಗಲಿಲ್ಲೇನ್ರಿ?"

"ಹೊತ್ತಿದ್ದಕ್ಕ ಹೇಳಾಕತ್ತೀನಿ."

ಚಿಕ್ಕದನ್ನೇ ತಂದೆವು.

ಮೊದಮೊದಲು ಅಳುವೇ ಬರುತ್ತಿತ್ತು. ಕೋಲು ಬಳುಕುತ್ತಿತ್ತು, ನೀರು ತೋಳಿಗುಂಟ ಇಳಿದು ಕುಪ್ಪಸವೆಲ್ಲ ಒದ್ದೆ. ಬೋರಿನ ನೀರು ಒಣಗಿದರೆ ಗಾಜಿನ ತುಂಬ ಬಿಳಿ ಕಲೆ. ಬಾಡಿಗೆ ಆಟೋದಲ್ಲಿ ಫಿಲ್ಟರ್ ನೀರಿನ ಕ್ಯಾನುಗಳನ್ನಿಟ್ಟು, ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿಗೆ ಪೈಪು ಜೋಡಿಸುವ ಉಪಾಯ ಅವರದೇ. ಈ ಬ್ರಷ್ಷಿನಲ್ಲಿ ತೊಳೆದ ಗಾಜನ್ನು ಒರೆಸಬಾರದು, ತಾನಾಗಿ ಒಣಗಬೇಕು. ನನಗದು ಒಗ್ಗದೆ, ಕೈಗೆಟಕುವ ಗಾಜನ್ನೆಲ್ಲ ಒರೆಸಿ ಕಲೆ ಮಾಡುತ್ತಿದ್ದೆ. ಆಟೋದಲ್ಲಿ ಕೂತ ಅವರು, "ಬಿಡು, ಒಣಗ್ಲಿ" ಎನ್ನುವರು.

ನನ್ನ ಕೈ ಪಳಗಿದಂತೆ ಅವರ ಮಾತು ಕಡಿಮೆಯಾಯಿತು. ಕೊಟ್ಟೂರಿನ ಬೈಕ್ ಶೋರೂಮಿನಲ್ಲಿ ಇಡೀ ಮೇಲಂತಸ್ತನ್ನು ಒಂದು ಗೆರೆಯೂ ಉಳಿಯದಂತೆ ತೊಳೆದು, ಖುಷಿಯಿಂದ ಅವರತ್ತ ತಿರುಗಿದೆ. ಅವರು ರಸ್ತೆ ನೋಡುತ್ತಿದ್ದರು. ಮನೆಗೆ ಬಂದ ಮೇಲೆ, "ನಾಳಿಂದ ನಾ ಬರಂಗಿಲ್ಲ" ಎಂದರು.

"ಯಾಕ್ರಿ?"

"ನಾ ಬಂದು ಮಾಡೋದೇನೈತಿ? ಎಲ್ಲಾ ಬರ್ತೈತಿ ನಿನಗ."

ಸುಮ್ಮನೆ ಜೊತೆಗಿರಿ ಎಂದು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ನಾನು ಹೊರಡುವಾಗ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ಲಕ್ವ ಮತ್ತೊಮ್ಮೆ ಹೊಡೆಯಿತು. ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟರು. ನನ್ನ ಕೈ ಪಳಗದಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೇನೋ ಎಂದು ಈಗಲೂ ಅನ್ನಿಸುತ್ತದೆ.

ದಿನಕರ್ಮಗಳು ಮುಗಿದ ಮೇಲೆ ಮೊದಲು ಹೋದದ್ದು ಹಡಗಲಿಗೆ, ಮಲ್ಲಿಗೆ ವ್ಯಾಪಾರಿಯೊಬ್ಬರ ಹೊಸ ಮನೆಗೆ. ಆ ಮನೆಯ ಹಿರಿಯಾಕೆ ಚಹ ತಂದು, "ಜೋಡಿ ಯಾರೂ ಬಂದಿಲ್ಲೇನವ್ವಾ?" ಎಂದರು.

"ಇಲ್ರೀ. ಈಗ ಒಬ್ಬಾಕಿನ."

ಅವರು ನನ್ನ ಹಣೆ ನೋಡಿದರು. ಒಳಗೆ ಹೋಗಿ ಒಂದು ಮಾರು ಮಲ್ಲಿಗೆ ತಂದು, "ಅವರ ಫೋಟೋಕ್ಕ ಹಾಕವ್ವ" ಎಂದು ಕೈಗಿತ್ತರು. ಹೂವನ್ನು ಆಟೋದ ಸೀಟಿನ ಮೇಲಿಟ್ಟೆ. ಹಿತ್ತಲ ಕಡೆಯ ಕಿಟಕಿಗಳಿನ್ನೂ ಉಳಿದಿದ್ದವು. ಪೈಪು ಎಳೆದುಕೊಂಡು ಆ ಕಡೆ ಹೋದೆ.